ರೀಗಲ್ ಟಾಕೀಸು, ಕೊಲಾಬಾ: ಅರ್ಧ ಗಂಟೆ ಮುಂಚೆ ಹೋಗಿ

ಮುಂಬೈಗೆ ಬರುವ ನಮ್ಮ ನೆಂಟರು ಗೇಟ್‌ವೇ ನೋಡುತ್ತಾರೆ, ಕಾಸ್‌ವೇಯಲ್ಲಿ ಚಪ್ಪಲಿಗೆ ಚೌಕಾಸಿ ಮಾಡುತ್ತಾರೆ, ಹೊರಡುತ್ತಾರೆ. ಅಲ್ಲೇ ಸರ್ಕಲ್ಲಿನಲ್ಲಿರುವ ರೀಗಲ್ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ನಾನಂತೂ ಯಾರೇ ಬಂದರೂ ಒಂದು ಮ್ಯಾಟಿನಿಗೆ ಅಲ್ಲಿಗೆ ಎಳೆದುಕೊಂಡು ಹೋಗುತ್ತೇನೆ. ಯಾವ ಸಿನಿಮಾ ಅನ್ನೋದು ಆಮೇಲಿನ ಮಾತು.

1933ರಲ್ಲಿ ಶುರುವಾದ ಟಾಕೀಸಿದು. ಕಟ್ಟಿಸಿದವರು ಫ್ರಾಮ್‌ಜಿ ಸಿಧ್ವಾ. ಮೊದಲು ಹಾಕಿದ್ದು ಲಾರೆಲ್-ಹಾರ್ಡಿ ಜೋಡಿಯ ಸಿನಿಮಾ. ಆಗಲೇ ಒಳಗೆ ಏಸಿ ಇತ್ತು. ನನಗೆ ಅದಕ್ಕಿಂತ ಮಜಾ ಅನ್ನಿಸುವುದು ನೆಲಮಾಳಿಗೆಯ ಕಾರ್ ಪಾರ್ಕಿಂಗ್. ಕಾರು ಕೆಳಗೆ ಬಿಟ್ಟು, ಲಿಫ್ಟ್ ಹತ್ತಿ ಸೀದಾ ಮೇಲೆ ಬರಬಹುದಿತ್ತಂತೆ. ಯಾರ ಜೇಬು ನೋಡಿ ಟಾಕೀಸು ಕಟ್ಟಿಸಿದರು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಒಳಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ತಿರುಗಿ. ಎದುರಿಗೆ ಮಹಾರಾಷ್ಟ್ರ ಪೊಲೀಸರ ಪ್ರಧಾನ ಕಚೇರಿ ಇದೆ. 1876ರ ಕಟ್ಟಡ, ಹಡಗಿನ ಕೆಲಸಗಾರರು ಉಳಿದುಕೊಳ್ಳಲಿ ಅಂತ ಕಟ್ಟಿದ್ದು. ಅದರ ನಕ್ಷೆ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರದು. ವಿ.ಟಿ. (ಈಗಿನ ಸಿಎಸ್‌ಎಂಟಿ) ರೈಲ್ವೆ ಸ್ಟೇಷನ್ನಿನ ನಕ್ಷೆ ಮಾಡಿದ್ದೂ ಅವರೇ. ರೀಗಲ್ ನಕ್ಷೆ ಮಾಡಿದ್ದು ಅವರ ಮಗ ಚಾರ್ಲ್ಸ್ ಸ್ಟೀವನ್ಸ್! ಅಪ್ಪನದು ಕಲ್ಲು, ಕಮಾನು, ಕೆತ್ತನೆ. ಮಗನದು ಆರ್ಟ್ ಡೆಕೊ ಅನ್ನೋ ಆ ಕಾಲದ ಹೊಸ ಶೈಲಿ, ಉದ್ದುದ್ದ ನೇರ ಗೆರೆಗಳು, ನುಣುಪಾದ ಗೋಡೆ. ಎರಡೂ ಒಂದೇ ಸರ್ಕಲ್ಲಿನಲ್ಲಿ ಎದುರುಬದುರು. ಈ ಊರಲ್ಲಿ ಇಷ್ಟು ಅಗ್ಗವಾಗಿ ಸಿಗುವ ಇತಿಹಾಸದ ಪಾಠ ಬೇರೆ ಇಲ್ಲ ಅಂತ ನನ್ನ ಲೆಕ್ಕ.

ಒಳಗಿನ ಅಲಂಕಾರ ಕಾರ್ಲ್ ಶಾರಾ ಎಂಬ ಕಲಾವಿದರದು. ಅವರು ತಿಳಿ ಕಿತ್ತಳೆ ಮತ್ತು ಹಸಿರು ಬಣ್ಣದಲ್ಲಿ ಸೂರ್ಯನ ಕಿರಣಗಳ ಚಿತ್ತಾರ ಬಿಡಿಸಿದ್ದರು. ಮಳೆಗಾಲದ ಬಾಂಬೆಯಲ್ಲಿ ಸೂರ್ಯ ಅಂದರೆ ಯಾರಿಗೆ ಬೇಡ!

ನಮ್ಮ ಕಡೆಯ ಮಾಲಿನ ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್‌ಗಿಂತ ಪಾಪ್‌ಕಾರ್ನ್ ದುಬಾರಿ. ಹೊರಗೆ ಬಂದರೆ ಯಾವ ಮಹಡಿ, ಯಾವ ಗೇಟು ಒಂದೂ ತಿಳಿಯುವುದಿಲ್ಲ. ರೀಗಲ್‌ನಲ್ಲಿ ಒಂದೇ ಪರದೆ. ಆ ವಾರದ ಸಿನಿಮಾ ಹಿಡಿಸದಿದ್ದರೆ ಬೇರೆ ದಾರಿಯಿಲ್ಲ, ನಿಜ. ಆದರೆ ಇಂಟರ್ವಲ್‌ನಲ್ಲಿ ಎಲ್ಲರೂ ಒಂದೇ ಕಥೆ ಬಗ್ಗೆ ಜಗಳ ಆಡುತ್ತಿರುತ್ತಾರೆ. ನನಗೆ ಅದು ಜಾಸ್ತಿ ಇಷ್ಟ.

ಚರ್ಚ್‌ಗೇಟ್‌ನಿಂದ ನಡೆದೇ ಹೋಗಬಹುದು. ಬಾಲ್ಕನಿ ಟಿಕೆಟ್ಟನ್ನೇ ತಗೊಳ್ಳಿ. ಲೈಟು ಆರಿಸುವ ಮುಂಚೆ ಫೋನ್ ಜೇಬಿಗಿಟ್ಟು ಒಮ್ಮೆ ಸುತ್ತ ನೋಡಿ. ಐದರಲ್ಲಿ ನಾಲ್ಕೂವರೆ ಸ್ಟಾರ್. ಕನ್ನಡ ಸಿನಿಮಾ ಹಾಕಿದ ದಿನ ಉಳಿದ ಅರ್ಧ ಕೊಡುತ್ತೇನೆ.