ಕೌದಿ, ಕ್ರಾಸ್ ಸ್ಟಿಚ್, ಕ್ರೋಶಾ: ತಲೆಬಿಸಿ ಇಳಿಸಲು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೌದಿಗೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಹತ್ತಿರ ಕೊಟ್ಟು ತರಿಸಿದ ಕ್ರಾಸ್ ಸ್ಟಿಚ್ ಕಿಟ್ ಬೀರುವಿನಲ್ಲಿದೆ. ಅಮ್ಮನ ಹಳೇ ಸೀರೆಗಳ ಕೌದಿ ಮಾತ್ರ ಸಂಜೆಯಾದರೆ ನನ್ನ ತೊಡೆಯ ಮೇಲಿರುತ್ತದೆ.

ನನ್ನದು ದಾವಣಗೆರೆಯಲ್ಲಿ ಲೆಕ್ಕ ಬರೆಯುವ ಕೆಲಸ. ಬಿಲ್ಲು, ಜಿಎಸ್‌ಟಿ, ಫೋನು. ಮನೆಗೆ ಬಂದ ಮೇಲೂ ತಲೆ ಓಡುತ್ತಲೇ ಇರುತ್ತದೆ. ಕೈಗೆ ಏನಾದರೂ ಕೊಟ್ಟರೆ ತಲೆ ಸುಮ್ನಾಗುತ್ತದೆ ಅಂತ ಈ ಮೂರನ್ನೂ ಹಿಡಿದು ನೋಡಿದೆ.

ಕ್ರಾಸ್ ಸ್ಟಿಚ್ ಅಂದರೆ ಬಟ್ಟೆಯ ಚೌಕ ಮನೆಗಳಲ್ಲಿ ಗುಣಾಕಾರ ಚಿಹ್ನೆಯಂಥ ಹೊಲಿಗೆ ಹಾಕಿ ಚಿತ್ರ ಮೂಡಿಸುವುದು. ನನ್ನ ಕಿಟ್‌ನ ಬಟ್ಟೆಯಲ್ಲಿ ಇಂಚಿಗೆ 14 ಮನೆ. ಚಾರ್ಟ್ ನೋಡಿ ಎಣಿಸುತ್ತಾ ಹೋಗಬೇಕು. ಒಂದು ಮನೆ ತಪ್ಪಿದರೆ ನವಿಲಿನ ಕತ್ತೇ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿವರೆಗೂ ಬಿಚ್ಚಬೇಕು. ನನ್ನ ಕಿಟ್‌ನಲ್ಲಿ ಎರಡು ನೀಲಿ ದಾರಗಳ ಗುರುತು ಹೆಚ್ಚುಕಮ್ಮಿ ಒಂದೇ ಥರ ಅಚ್ಚಾಗಿತ್ತು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ. ಮುಗಿದಾಗ ಬಲು ಚೆಂದ, ಫ್ರೇಮ್ ಹಾಕಿಸಬಹುದು. ಆದರೆ ದಿನವಿಡೀ ಅಂಕಿ ನೋಡುವವರಿಗೆ ಇದರಲ್ಲಿ ವಿಶ್ರಾಂತಿಯಿಲ್ಲ.

ಕೊಕ್ಕೆ ಸೂಜಿಯಲ್ಲಿ ಹೆಣೆಯುವ ಕ್ರೋಶಾ ಚಳಿಗಾಲಕ್ಕೆ ಸರಿ. ಏಪ್ರಿಲ್‌ನ ಧಗೆಯಲ್ಲಿ ಅಕ್ರಿಲಿಕ್ ಉಲ್ಲನ್ ಬೆವರಿದ ಬೆರಳಿಗೆ ಅಂಟುತ್ತದೆ.

ಕೌದಿಗೆ ಚಾರ್ಟೇ ಬೇಡ. ಕೆಳಗೆ ಹಳೇ ಸೀರೆಯ ಎರಡು ಮೂರು ಪದರ, ಮೇಲೆ ಬಣ್ಣಬಣ್ಣದ ತುಂಡು, ಸಾಲಾಗಿ ಸಾದಾ ಹೊಲಿಗೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾನೂ ಅದನ್ನೇ ಹಿಡಿದಿದ್ದೇನೆ. ಗೆರೆ ಎಳೆಯಬೇಕಿಲ್ಲ, ಹಿಂದಿನ ಸುತ್ತಿನ ಹೊಲಿಗೆಯೇ ಗೆರೆ. ಒಂದು ಹೊಲಿಗೆ ಸೊಟ್ಟ ಬಂದರೆ ಬರಲಿ, ಯಾರೂ ಬಿಚ್ಚಲು ಹೇಳುವುದಿಲ್ಲ.

ಹೆಚ್ಚು ಕಾಟ ಕೊಡುವುದು ದಾರ. ಎಳೆದಂತೆಲ್ಲಾ ತಿರುಚಿಕೊಳ್ಳುತ್ತದೆ, ಬಟ್ಟೆಯ ಹತ್ತಿರ ಸಣ್ಣ ಕುಣಿಕೆಯಾಗುತ್ತದೆ, ಜಗ್ಗಿದರೆ ಗಂಟು. ಅದೂ ಅಡಿಯ ಪದರದಲ್ಲಿ, ಕಣ್ಣಿಗೆ ಬೀಳದ ಕಡೆ. ತಲೆಬಿಸಿ ಕಳೆಯಲು ಕೂತವಳಿಗೆ ಗಂಟು ಬಿಡಿಸುವುದೇ ಕೆಲಸವಾದರೆ ಹೇಗೆ? ಪಕ್ಕದ ಮನೆ ಅಜ್ಜಿ ನೋಡಿದವರೇ, "ಮಾರುದ್ದ ದಾರ ಹಾಕಬ್ಯಾಡವ್ವಾ, ಮೊಳ ಸಾಕು" ಅಂದರು. ಮೊಳ ಅಂದರೆ ಹದಿನೆಂಟು ಇಂಚು. ಪದೇ ಪದೇ ಸೂಜಿ ಪೋಣಿಸಬೇಕು, ನಿಜ. ಆದರೆ ಅರ್ಧಕ್ಕರ್ಧ ಗಂಟು ಅಲ್ಲೇ ನಿಂತಿತು. ದಾರವನ್ನು ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಇನ್ನೂ ಒಳ್ಳೆಯದು. ಆಗಾಗ ಸೂಜಿಯನ್ನು ಕೈಬಿಟ್ಟು ಜೋತಾಡಲು ಬಿಡಿ, ತಿರುಚು ತಾನೇ ಬಿಚ್ಚಿಕೊಳ್ಳುತ್ತದೆ.

ಉಳಿದ ಅರ್ಧ ತೊಂದರೆ ಬಟ್ಟೆಯದು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಆದರೂ ಈಗ ಟ್ರಂಕು ತೆಗೆದರೆ ಪಾಲಿಯೆಸ್ಟರ್ ಸೀರೆಯೇ ಜಾಸ್ತಿ. ಅದನ್ನು ನಡುವೆ ಇಟ್ಟರೆ ಪದರ ಜಾರುತ್ತದೆ, ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಬೆರಳ ತುದಿ ನೋಯುತ್ತದೆ. ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆ, ಪಂಚೆ ಹಾಕಿದರೆ ಸೂಜಿ ತಾನಾಗಿ ಹೋಗುತ್ತದೆ. ಆಗ ಉಸಿರೂ ನಿಧಾನವಾಗುತ್ತದೆ.

ನನಗೆ ಹೊಲಿಗೆ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಜೊತೆಯವರು 39 ಜನರನ್ನು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕೊಲಾಜ್ ಕೆಲಸಕ್ಕೆ ಕೂರಿಸಿ ಎಂಜಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಅಳೆದರು. 2016ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಇಳಿದಿತ್ತು. ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಅನ್ನುವ ಭೇದ ಕಾಣಲಿಲ್ಲ. ಅದು ಹೊಲಿಗೆಯ ಪರೀಕ್ಷೆಯಲ್ಲ, ಒಪ್ಪುತ್ತೇನೆ. ಆದರೂ ನನಗೆ ಧೈರ್ಯ ಕೊಟ್ಟಿತು.

ಖರ್ಚು ಅಂದರೆ ಸೂಜಿ, ದಾರದ ಉಂಡೆ, ಒಂದು ಮೇಣದಬತ್ತಿ. ನೂರು ರೂಪಾಯಿ ದಾಟುವುದಿಲ್ಲ. ಅಂಕಿಯ ಕೆಲಸ ಇಲ್ಲದವರು, ಎಣಿಸುವುದು ಇಷ್ಟಪಡುವವರು ಕ್ರಾಸ್ ಸ್ಟಿಚ್ಚೇ ತಗೊಳ್ಳಿ. ಕೌದಿ ಅನ್ನುವವರು ಮೊದಲು ತೊಟ್ಟಿಲಿಗೆ ಹಾಸುವಷ್ಟು ಚಿಕ್ಕದು ಮಾಡಿ. ದೊಡ್ಡದಾದರೆ ಬೇಸಿಗೆಯಲ್ಲಿ ತೊಡೆ ಮೇಲೆ ಭಾರ, ಸೆಕೆ ಎರಡೂ. ಮನೆಯಲ್ಲಿ ಕಾಟನ್ ಸಿಗದಿದ್ದರೆ ಟೈಲರ್ ಹತ್ತಿರ ಬ್ಲೌಸ್ ಲೈನಿಂಗ್‌ನ ಚೂರು ಕೇಳಿ, ಕೊಡುತ್ತಾರೆ.