ಹೇಯ್ಸ್, ಡಮ್‌ಡಮ್, ಜಪಾನ್: ಬೀಟಲ್ಸ್ ರೆಕಾರ್ಡುಗಳಲ್ಲಿ ಯಾವ ಅಚ್ಚು ಕೊಳ್ಳಬೇಕು?

ಬೀಟಲ್ಸ್ ತಂಡದ ಹಳೆಯ ರೆಕಾರ್ಡುಗಳನ್ನು ಕೂಡಿಸಲು ಹೊರಟವರಿಗೆ ಬಹುಬೇಗ ಎದುರಾಗುವ ಪ್ರಶ್ನೆಯೆಂದರೆ, ಒಂದೇ ಆಲ್ಬಮ್‌ನ ಹತ್ತಾರು ಅಚ್ಚುಗಳಲ್ಲಿ, ಅಂದರೆ ಬೇರೆ ಬೇರೆ ಕಾರ್ಖಾನೆ, ಬೇರೆ ಬೇರೆ ಕಾಲದಲ್ಲಿ ಒತ್ತಿದ ಪ್ರತಿಗಳಲ್ಲಿ, ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದು. ಬ್ರಿಟನ್ನಿನ ಮೊದಲ ಅಚ್ಚು ಅಪರೂಪದ್ದು, ಹಾಗಾಗಿ ದುಬಾರಿ. ಕಲ್ಕತ್ತೆಯ ಡಮ್‌ಡಮ್ ಅಚ್ಚು ನಮ್ಮ ದೇಶದಲ್ಲೇ ಸಿಗುತ್ತದೆ. ಜಪಾನಿನ ಅಚ್ಚು ಅಚ್ಚುಕಟ್ಟುತನಕ್ಕೆ ಹೆಸರಾದದ್ದು. ಇತ್ತೀಚಿನ ಮರುಮುದ್ರಣ ಹೊಸ ತಟ್ಟೆಯಾಗಿಯೇ ಮನೆಗೆ ಬರುತ್ತದೆ. ಹೋಲಿಕೆಗೆ ನಾನು ಮುಖ್ಯವಾಗಿ ಎರಡನ್ನು ಆರಿಸಿಕೊಂಡೆ: 1966ರ ಆಗಸ್ಟ್ 5ರಂದು ಬಂದ ‘ರಿವಾಲ್ವರ್’ ಆಲ್ಬಮ್ ಮತ್ತು ಅದೇ ವರ್ಷ ಜೂನ್ 10ರಂದು ಬಂದ ‘ಪೇಪರ್‌ಬ್ಯಾಕ್ ರೈಟರ್’ ಸಿಂಗಲ್ (ಬದಿಗೊಂದು ಹಾಡಿನ ಸಣ್ಣ ತಟ್ಟೆ). ಎರಡೂ ಲಂಡನ್ನಿನ ಅಬಿ ರೋಡ್‌ನ ಇಎಂಐ ಸ್ಟುಡಿಯೊದಲ್ಲಿ, ಒಂದೇ ಧ್ವನಿಮುದ್ರಣದ ಅವಧಿಯಲ್ಲಿ ತಯಾರಾದವು. ಎಲ್ಲ ತಟ್ಟೆಗಳನ್ನೂ ತೊಳೆದು ಒಣಗಿಸಿ, ಒಂದೇ ಟರ್ನ್‌ಟೇಬಲ್ ಮೇಲೆ, ಮೊನೊ (ಒಂದೇ ವಾಹಿನಿಯ) ತಟ್ಟೆಗಳನ್ನು ಸೂಜಿ ಹೊತ್ತ ಮೊನೊ ಕಾರ್ಟ್ರಿಜ್‌ನಲ್ಲಿ, ಸ್ಟೀರಿಯೊ ತಟ್ಟೆಗಳನ್ನು ಸ್ಟೀರಿಯೊ ಕಾರ್ಟ್ರಿಜ್‌ನಲ್ಲಿ ಕೇಳಿದೆ.

ಮೊದಲಿಗೆ ಬ್ರಿಟಿಷ್ ಅಚ್ಚು. ಇಎಂಐ ಕಂಪನಿಯ ಕಾರ್ಖಾನೆ ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನಲ್ಲಿತ್ತು. ಅಲ್ಲಿಂದ ಬಂದ ತಟ್ಟೆಯ ವಯಸ್ಸನ್ನು ಲೇಬಲ್ಲಿಗಿಂತ ಹೆಚ್ಚು ಖಚಿತವಾಗಿ ಹೇಳುವುದು ಲೇಬಲ್ಲಿನ ಸುತ್ತ ಗ್ರೂವ್ (ಸೂಜಿ ಓಡುವ ಗೀರು) ಮುಗಿದ ಮೇಲೆ ಉಳಿಯುವ ನುಣುಪಾದ ಪಟ್ಟಿ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಗಡಿಯಾರದ ಆರರ ಜಾಗದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ ಕಾಣುತ್ತದೆ. ರಿವಾಲ್ವರ್‌ನ ಮೊನೊ ಪ್ರತಿಯಲ್ಲಿ ಮೊದಲ ಬದಿಗೆ ಎಕ್ಸ್‌ಇಎಕ್ಸ್ 605, ಎರಡನೆಯ ಬದಿಗೆ ಎಕ್ಸ್‌ಇಎಕ್ಸ್ 606. ಅದರ ಮುಂದೆ ಗೆರೆ ಎಳೆದು ಬರೆದ ಅಂಕಿ, ಅದು ಎಷ್ಟನೆಯ ಕಟಿಂಗ್ (ಟೇಪಿನ ದನಿಯನ್ನು ಮೂಲ ತಟ್ಟೆಯ ಮೇಲೆ ಗ್ರೂವ್ ಆಗಿ ಕೊರೆದದ್ದು) ಎಂಬುದನ್ನು ಹೇಳುತ್ತದೆ. ಒಂಬತ್ತರ ಜಾಗದಲ್ಲಿ ಮದರ್ (ಸ್ಟ್ಯಾಂಪರ್ ತಯಾರಿಸಲು ಬಳಸುವ ಲೋಹದ ಪ್ರತಿ) ಸಂಖ್ಯೆ, ಮೂರರ ಜಾಗದಲ್ಲಿ ಸ್ಟ್ಯಾಂಪರ್‌ನ (ವಿನೈಲನ್ನು ಒತ್ತುವ ಲೋಹದ ಫಲಕದ) ಅಕ್ಷರಗಳು ಇರುತ್ತವೆ. ಈ ಅಕ್ಷರಗಳು ಅಂಕಿಗಳ ಬದಲಿಗೆ ಬಳಸಿದ ಗುಪ್ತಲಿಪಿ: ಜಿ ಎಂದರೆ 1, ಆರ್ ಎಂದರೆ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. ಸಾಲಾಗಿ ಓದಿದರೆ ಗ್ರಾಮಫೋನ್ ಲಿಮಿಟೆಡ್ ಎಂಬುದರ ಮೊಟಕು ರೂಪ. ‘ಜಿಡಿ’ ಎಂದಿದ್ದರೆ ಹತ್ತನೆಯ ಸ್ಟ್ಯಾಂಪರ್. ಸ್ಟ್ಯಾಂಪರ್ ಸಂಖ್ಯೆ ಚಿಕ್ಕದಿದ್ದಷ್ಟೂ ತಟ್ಟೆ ಮೊದಮೊದಲು ಒತ್ತಿದ್ದು. ಈ ಲಿಪಿಯನ್ನು ಓದಲು ಕಲಿತವರು ‘ಮೊದಲ ಅಚ್ಚು’ ಎಂಬ ಮಾರಾಟಗಾರನ ಮಾತನ್ನು ನಂಬಿ ಕೂರಬೇಕಿಲ್ಲ.

ರಿವಾಲ್ವರ್‌ನ ವಿಷಯದಲ್ಲಿ ಈ ಸಣ್ಣ ಅಂಕಿಗೆ ದೊಡ್ಡ ಬೆಲೆ ಇದೆ. ಎರಡನೆಯ ಬದಿಯ ಕೊನೆಯ ಹಾಡಾದ ‘ಟುಮಾರೊ ನೆವರ್ ನೋಸ್’ಗೆ ಹಲವು ಮೊನೊ ಮಿಕ್ಸ್‌ಗಳು, ಅಂದರೆ ಮುದ್ರಿಸಿದ ದನಿಗಳನ್ನು ಬೇರೆ ಬೇರೆ ಹದದಲ್ಲಿ ಬೆರೆಸಿದ ರೂಪಗಳು, ತಯಾರಾಗಿದ್ದವು. ಮೊದಲ ಕಟಿಂಗ್‌ನಲ್ಲಿ ಹನ್ನೊಂದನೆಯ ಮಿಕ್ಸ್ ಸೇರಿಕೊಂಡಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮನಸ್ಸು ಬದಲಿಸಿ ಎಂಟನೆಯ ಮಿಕ್ಸನ್ನು ಹಾಕಿಸುವಷ್ಟರಲ್ಲಿ ಕಾರ್ಖಾನೆ ಒಂದಷ್ಟು ತಟ್ಟೆಗಳನ್ನು ಒತ್ತಿಯಾಗಿತ್ತು. ಎಕ್ಸ್‌ಇಎಕ್ಸ್ 606-1 ಎಂಬ ಗುರುತಿರುವ ಆ ಪ್ರತಿಗಳಲ್ಲಿ ಟೇಪ್ ಲೂಪ್‌ಗಳು (ಮತ್ತೆ ಮತ್ತೆ ಸುತ್ತಿ ನುಡಿಯುವ ಟೇಪಿನ ತುಣುಕುಗಳು) ಏಳುವ ಬೀಳುವ ರೀತಿಯೇ ಬೇರೆ. ಲೇಬಲ್ಲಿನ ಅಕ್ಷರದೋಷಕ್ಕೋ ಲಕೋಟೆಯ ಅಂಟಿನ ಅಂಚಿಗೋ ಬೆಲೆ ಏರಿಸುವ ಅಪರೂಪಗಳ ನಡುವೆ, ಸಂಗೀತವೇ ಬೇರೆಯಾಗಿರುವ ಅಪರೂಪ ಇದು, ಆದ್ದರಿಂದ ನನಗೆ ಇದರ ಮೇಲೆ ನಿಜವಾದ ಗೌರವವಿದೆ. ಆದರೆ 2022ರ ರಿವಾಲ್ವರ್ ವಿಶೇಷ ಆವೃತ್ತಿಯಲ್ಲಿ ಆ ಹನ್ನೊಂದನೆಯ ಮಿಕ್ಸ್ ಅಧಿಕೃತವಾಗಿಯೇ ಹೊರಬಂದಿದೆ. ಕೇಳುವುದಷ್ಟೇ ಗುರಿಯಾಗಿದ್ದರೆ ಇಂದು ಆ ಪ್ರತಿಗೆ ಸಾಲ ಮಾಡಬೇಕಾಗಿಲ್ಲ. ನಾನು ಇಟ್ಟುಕೊಂಡಿರುವುದು ನಂತರದ ಕಟಿಂಗ್, ಮತ್ತು ಅದರಲ್ಲಿ ನನಗೆ ಕೊರತೆ ಕಂಡಿಲ್ಲ.

ಮೊನೊ ಎಂದರೆ ಅಗ್ಗದ ರೂಪ ಎಂಬ ಭಾವನೆ ಇನ್ನೂ ಇದೆ. ಆ ಕಾಲದಲ್ಲಿ ತಂಡ ಮತ್ತು ಮಾರ್ಟಿನ್ ಹೆಚ್ಚು ಹೊತ್ತು ಕೊಟ್ಟದ್ದು ಮೊನೊ ಮಿಕ್ಸ್‌ಗೇ. ಸ್ಟೀರಿಯೊ ಆಮೇಲೆ ಬೇಗಬೇಗ ಮುಗಿದ ಕೆಲಸ. ‘ಐ ಆಮ್ ಓನ್ಲಿ ಸ್ಲೀಪಿಂಗ್’ನಲ್ಲಿ ಹಿಂದುಮುಂದಾಗಿ ನುಡಿಯುವ ಗಿಟಾರಿನ ಜಾಗಗಳು ಎರಡು ಮಿಕ್ಸ್‌ಗಳಲ್ಲಿ ಒಂದೇ ಅಲ್ಲ. ನಮ್ಮ ಕಿವಿಗೆ ಇನ್ನೂ ಒಳ್ಳೆಯ ಪರೀಕ್ಷೆ ‘ಲವ್ ಯೂ ಟು’. ಅನಿಲ್ ಭಾಗವತ್ ನುಡಿಸಿದ ತಬಲಾ ಅದರಲ್ಲಿದೆ, ಲಕೋಟೆಯ ಮೇಲೆ ಅವರ ಹೆಸರೂ ಇದೆ. ಎಡಗೈಯ ಡಗ್ಗದ ಘುಮಕಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಕೇಳಿಸಿದರೆ ತಟ್ಟೆಯ ಕೆಳಸ್ವರಗಳು ಉಳಿದಿವೆ ಎಂದು ತಿಳಿಯಬಹುದು. ಬರಿಯ ದಬ್ ಎಂಬ ಪೆಟ್ಟು ಮಾತ್ರ ಕೇಳಿಸಿದರೆ ಅವು ಹೋಗಿವೆ. ಹೇಯ್ಸ್ ಪ್ರತಿಯಲ್ಲಿ ಆ ಜಾರು ಸ್ಪಷ್ಟವಾಗಿದೆ. ‘ಎಲೀನರ್ ರಿಗ್ಬಿ’ಯ ಎಂಟು ತಂತಿವಾದ್ಯಗಳಲ್ಲಿ ಕಮಾನು ತಂತಿಯನ್ನು ಕಚ್ಚುವ ಒರಟು ಕೂಡ ಇದೇ ಪ್ರತಿಯಲ್ಲಿ ಅತ್ಯಂತ ಹತ್ತಿರದಿಂದ ಕೇಳುತ್ತದೆ.

ಆದರೆ ಹೇಯ್ಸ್ ಪ್ರತಿಗಳ ದೊಡ್ಡ ಅಪಾಯ ಸವೆತ. ಅರುವತ್ತರ ದಶಕದ ಮನೆಗಳಲ್ಲಿ ಭಾರವಾದ ತೋಳು, ಬದಲಿಸದ ಸೂಜಿ ಸಾಮಾನ್ಯವಾಗಿದ್ದುದರಿಂದ ಕಣ್ಣಿಗೆ ಹೊಳೆಯುವ ತಟ್ಟೆಯೂ ಜೋರಾದ ಜಾಗಗಳಲ್ಲಿ ಗರಗರ ಎನ್ನುತ್ತದೆ. ವಿದೇಶದ ಮಾರಾಟಗಾರರೊಬ್ಬರಿಂದ ‘ಬಹುತೇಕ ಹೊಸದು’ ಎಂಬ ದರ್ಜೆಯಲ್ಲಿ ಬಂದ ಪ್ರತಿಯೊಂದು ಒಳಬದಿಯ ಹಾಡುಗಳಲ್ಲಿ ಪೂರ್ತಿ ಒಡೆದ ದನಿಯದಾಗಿತ್ತು. ಅಂಚೆ ವೆಚ್ಚ ಮತ್ತು ಸುಂಕ ತೆತ್ತ ಮೇಲೆ ಅದನ್ನು ಹಿಂದಕ್ಕೆ ಕಳುಹಿಸುವುದರಲ್ಲಿ ಅರ್ಥವಿರಲಿಲ್ಲ. ಕಣ್ಣಿನಿಂದ ದರ್ಜೆ ಕೊಟ್ಟದ್ದೋ, ನುಡಿಸಿ ಕೊಟ್ಟದ್ದೋ ಎಂದು ಕೇಳಿ, ಪ್ರತಿ ಬದಿಯ ಕೊನೆಯ ಹಾಡಿನ ತುಣುಕನ್ನು ತರಿಸಿಕೊಂಡು ಕೇಳಿದ ಮೇಲೆಯೇ ಹಣ ಕೊಡುವುದು ಕ್ಷೇಮ.

ಡಮ್‌ಡಮ್ ಅಚ್ಚಿನ ಬಗ್ಗೆ ಸಂಗ್ರಾಹಕರಲ್ಲಿ ಎರಡು ಅತಿಗಳಿವೆ: ಒಬ್ಬರಿಗೆ ಅದು ಕಸ, ಇನ್ನೊಬ್ಬರಿಗೆ ಹೊರಗಿನವರಿಗೆ ಗೊತ್ತಿಲ್ಲದ ನಿಧಿ. ಮುಂದೆ ಇಎಂಐಯ ಭಾಗವಾದ ಗ್ರಾಮಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ತೆರೆಯಿತು, ಮುಂದೆ ಡಮ್‌ಡಮ್ ಅದರ ಕೇಂದ್ರವಾಯಿತು. ನನ್ನ ಡಮ್‌ಡಮ್ ರಿವಾಲ್ವರ್‌ನ ಒಳಪಟ್ಟಿಯಲ್ಲೂ ಅದೇ ಎಕ್ಸ್‌ಇಎಕ್ಸ್ ಸಂಖ್ಯೆಗಳಿವೆ, ಅಂದರೆ ಕಟಿಂಗ್ ಲಂಡನ್ನಿನದೇ. ಕೇಳಿದಾಗಲೂ ಆ ನೆಂಟಸ್ತಿಕೆ ತಿಳಿಯುತ್ತದೆ: ಡಗ್ಗದ ಜಾರು ಇದೆ, ದನಿಗಳ ಸಮತೋಲವೂ ಹೇಯ್ಸ್‌ನದೇ. ಸೋಲುವುದು ಮೇಲ್ಮೈಯಲ್ಲಿ. ಹಾಡಿನ ನಡುವಿನ ಮೌನದಲ್ಲಿ ಸಣ್ಣಗೆ ಹುರಿಯುವ ಸದ್ದು ತೊಳೆದರೂ ಹೋಗುವುದಿಲ್ಲ, ಮತ್ತು ಮಳೆಗಾಲಗಳನ್ನು ದಾಟಿ ಬಂದ ಲಕೋಟೆಗಳ ಬೂಷ್ಟು ತಟ್ಟೆಗೂ ಇಳಿದಿರುತ್ತದೆ. ಮೆಲುದನಿಯ ‘ಹಿಯರ್ ದೇರ್ ಅಂಡ್ ಎವರಿವೇರ್’ ಇದರಲ್ಲಿ ಬಹಳ ನರಳುತ್ತದೆ, ‘ಟ್ಯಾಕ್ಸ್‌ಮನ್’ ಅಷ್ಟಾಗಿ ಅಲ್ಲ. ಆದರೂ ಸವೆದ ಹೇಯ್ಸ್ ಮತ್ತು ಶುಭ್ರವಾದ ಡಮ್‌ಡಮ್ ಎದುರೆದುರು ಇದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್, ಮುಂಬೈಯ ಚೋರ್ ಬಜಾರ್‌ಗಳಂಥ ಜಾಗದಲ್ಲಿ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶವೂ ದೊಡ್ಡದು.

ಭಾರತದ ಅಚ್ಚುಗಳಲ್ಲಿ ಜಗತ್ತಿನ ಸಂಗ್ರಾಹಕರು ನಿಜಕ್ಕೂ ಹುಡುಕುವುದು ಬೀಟಲ್ಸ್ ಹಾಡುಗಳ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳನ್ನು. ಬ್ರಿಟನ್ನಿನಲ್ಲಿ ಆ ರೂಪ ನಿಂತುಹೋದ ಮೇಲೂ, ಕೀಲಿ ಕೊಡುವ ಗ್ರಾಮಫೋನ್‌ಗಳು ಮನೆಮನೆಗಳಲ್ಲಿ ಇದ್ದುದರಿಂದ ಇಲ್ಲಿ 1960ರ ದಶಕದ ಮಧ್ಯದವರೆಗೂ ಅವು ತಯಾರಾದವು. ಉಕ್ಕಿನ ಮುಳ್ಳು ಕೆರೆಯದೆ ಉಳಿದವು ತೀರ ಕಡಿಮೆ. ಇತಿಹಾಸಕ್ಕಾಗಿ ಅವನ್ನು ಕೊಳ್ಳುವುದು ಸರಿ, ದನಿಗಾಗಿ ಅಲ್ಲ. ನುಡಿಸುವುದಾದರೆ 78ಕ್ಕೆ ಮೀಸಲಾದ ಅಗಲ ಸೂಜಿ ಬೇಕೇ ಬೇಕು.

‘ಪೇಪರ್‌ಬ್ಯಾಕ್ ರೈಟರ್’ ಸಿಂಗಲ್‌ನಲ್ಲಿ ಲೆಕ್ಕ ಬೇರೆ. ಅಮೆರಿಕದ ರೆಕಾರ್ಡುಗಳಲ್ಲಿ ಕೇಳಿಬರುವ ಬಾಸ್ ತಮ್ಮವುಗಳಲ್ಲಿ ಏಕಿಲ್ಲ ಎಂಬ ತಂಡದ ಕೊರಗಿಗೆ ಉತ್ತರವಾಗಿ ಎಂಜಿನಿಯರ್ ಜೆಫ್ ಎಮೆರಿಕ್ ಧ್ವನಿವರ್ಧಕವನ್ನೇ ಮೈಕ್ ಆಗಿ ಬಳಸಿ ಪಾಲ್ ಮಕಾರ್ಟ್ನಿಯ ಬಾಸ್ ಹಿಡಿದರು, ಟೋನಿ ಕ್ಲಾರ್ಕ್ ಅದನ್ನು ಎಂದಿಗಿಂತ ಜೋರಾಗಿ ಕಟ್ ಮಾಡಿದರು. ಆರ್ 5452 ಸಂಖ್ಯೆಯ ಆ ಮೂಲ ಸಿಂಗಲ್‌ನಲ್ಲಿ ಬಾಸ್ ಎದೆಗೇ ತಾಗುತ್ತದೆ. ಹಿಂಬದಿಯ ‘ರೇನ್’ನಲ್ಲಂತೂ ಇನ್ನೂ ಹೆಚ್ಚು. 2019ರ ಸಿಂಗಲ್ಸ್ ಪೆಟ್ಟಿಗೆಯಲ್ಲಿರುವ ತಟ್ಟೆ ಮೂಲ ಟೇಪಿನಿಂದಲೇ ಕಟ್ ಆದದ್ದು, ಹೆಚ್ಚು ಶುದ್ಧ, ಹೆಚ್ಚು ಸಮಾಧಾನದ್ದು, ಆದರೆ ಆ ಒತ್ತಡ ಇಲ್ಲ. ಸಿಂಗಲ್ ಲಕ್ಷಗಟ್ಟಲೆ ಮಾರಾಟವಾದದ್ದರಿಂದ ಮೂಲ ಪ್ರತಿ ಈಗಲೂ ಕೈಗೆಟಕುವ ಬೆಲೆಗೆ ಸಿಗುತ್ತದೆ. ಇದೊಂದನ್ನು ಮಾತ್ರ ಮರುಮುದ್ರಣದಲ್ಲಿ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಲೇಬಲ್ಲಿನ ಅಂಚಿನಲ್ಲಿ ‘ದಿ ಗ್ರಾಮಫೋನ್ ಕಂಪನಿ’ ಎಂದಿರಬೇಕು. ‘ಇಎಂಐ ರೆಕಾರ್ಡ್ಸ್’ ಎಂದಿದ್ದರೆ ಅದು 1973ರ ನಂತರದ್ದು.

ಜಪಾನಿನ ತೋಶಿಬಾ ಅಚ್ಚಿನ ಬಗ್ಗೆ ಚುಟುಕಾಗಿ ಹೇಳಬಹುದು. ಧೂಳು ಅಂಟದಂತೆ ಮಾಡಿದ ಅರೆಪಾರದರ್ಶಕ ಕೆಂಪು ವಿನೈಲ್, ಲಕೋಟೆಗೆ ಸುತ್ತಿದ ಓಬಿ ಎಂಬ ಕಾಗದದ ಪಟ್ಟಿ, ಒಳಗೆ ಸಾಹಿತ್ಯದ ಹಾಳೆ, ಎಲ್ಲವೂ ಕಣ್ಣಿಗೆ ಹಬ್ಬ. ಮೇಲ್ಮೈಯ ಮೌನ ಈ ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲು. ಆದರೆ ನನ್ನ ಸ್ಟೀರಿಯೊ ಪ್ರತಿಯಲ್ಲಿ ಮೇಲುಸ್ವರಗಳು ಹೊಳೆಯುತ್ತವೆ, ಡಗ್ಗ ತೆಳುವಾಗಿದೆ, ಸಿತಾರ್ ಮುಂದೆ ಬಂದು ನಿಂತುಬಿಡುತ್ತದೆ. ಓಬಿ ಇಲ್ಲದ ಪ್ರತಿ ಅರ್ಧ ಬೆಲೆಗೆ ಸಿಕ್ಕರೆ ಅದೇ ಸಾಕು, ಏಕೆಂದರೆ ಓಬಿ ಹಾಡುವುದಿಲ್ಲ.

ದಿನನಿತ್ಯ ಕೇಳಲು 2014ರ ಮೊನೊ ತಟ್ಟೆಗಳೇ ನನ್ನ ಆಯ್ಕೆ. ಡಿಜಿಟಲ್ ಹಂತವೇ ಇಲ್ಲದೆ, ಶಾನ್ ಮಾಗೀ ಮತ್ತು ಸ್ಟೀವ್ ಬರ್ಕೊವಿಟ್ಸ್ ಮಾಸ್ಟರ್ ಟೇಪಿನಿಂದ ನೇರವಾಗಿ ಕಟ್ ಮಾಡಿಸಿ, ಜರ್ಮನಿಯಲ್ಲಿ ಒತ್ತಿಸಿದ ಇವು ಹೇಯ್ಸ್‌ಗೆ ತುಂಬ ಹತ್ತಿರ. ಕಮಾನಿನ ಕಚ್ಚು ಮಾತ್ರ ತುಸು ಮೃದು. 2012ರ ಸ್ಟೀರಿಯೊ ತಟ್ಟೆಗಳು ಡಿಜಿಟಲ್ ಕಡತಗಳಿಂದ ಬಂದವು, ಅವಕ್ಕಾಗಿ ಜಾಗ ಮಾಡುವ ಅಗತ್ಯ ನನಗೆ ಕಾಣಲಿಲ್ಲ.

ಡಮ್‌ಡಮ್ ಅಚ್ಚನ್ನೇ ಮೊದಲು ಹುಡುಕಬೇಕೆಂದು ನಾನು ಹೇಳುವ ಒಂದು ಸಿಂಗಲ್ ಇದೆ: 1968ರ ಮಾರ್ಚ್ 15ರಂದು ಬ್ರಿಟನ್ನಿನಲ್ಲಿ ಬಂದ ‘ಲೇಡಿ ಮಡೋನಾ’. ಅದರ ಹಿಂಬದಿಯ ‘ದಿ ಇನ್ನರ್ ಲೈಟ್’ಗೆ ಬೇಕಾದ ವಾದ್ಯಸಂಗೀತವನ್ನು ಜಾರ್ಜ್ ಹ್ಯಾರಿಸನ್ ಆ ವರ್ಷದ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೊದಲ್ಲಿ ಇಲ್ಲಿನ ಕಲಾವಿದರಿಂದ ನುಡಿಸಿದ್ದರು, ಬೀಟಲ್ಸ್ ಸಿಂಗಲ್‌ನಲ್ಲಿ ಅವರ ರಚನೆ ಕಾಣಿಸಿಕೊಂಡದ್ದು ಅದೇ ಮೊದಲು. ಹೇಯ್ಸ್ ಪ್ರತಿ ಹೆಚ್ಚು ಮೌನದ್ದೆಂಬುದು ಇಲ್ಲೂ ನಿಜ. ಆದರೂ ಈ ಹಾಡಿನ ಮಟ್ಟಿಗೆ ಭಾರತದ ಅಚ್ಚು ಸಂಗ್ರಹದಲ್ಲಿರಬೇಕು. ಕೊಳ್ಳುವಾಗ ಮುಂಬದಿಗಿಂತ ಹಿಂಬದಿಯನ್ನೇ ದೀಪಕ್ಕೆ ಹಿಡಿದು ನೋಡಿ. ಜನ ಹೆಚ್ಚು ನುಡಿಸಿದ್ದು ಮುಂಬದಿಯನ್ನಾದ್ದರಿಂದ, ಸವೆದಂತೆ ಕಾಣುವ ಪ್ರತಿಯಲ್ಲೂ ‘ಇನ್ನರ್ ಲೈಟ್’ ಚೆನ್ನಾಗಿ ಉಳಿದಿರುವ ಸಾಧ್ಯತೆ ಇದೆ.