ನಾಲ್ಕು ವರ್ಷದ ಟ್ರೇಲರ್ ಫ್ರಿಜ್: ದೋಸೆ ಹಿಟ್ಟು ಉಕ್ಕಿದ ಮೇಲೆ ಗೊತ್ತಾಗಿದ್ದು

ನಾವಿರುವುದು ಅಮೆರಿಕದ ಯೂಟಾದಲ್ಲಿ. 2021ರಲ್ಲಿ ಸೆಕೆಂಡ್ ಹ್ಯಾಂಡ್ ಟ್ರೇಲರ್, ಅಂದರೆ ಪ್ರವಾಸಕ್ಕೆ ವಾಹನದ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಕೊಂಡೆವು. ಅದರ ಫ್ರಿಜ್ ಗ್ಯಾಸ್‌ಗೂ ಓಡುತ್ತದೆ, ಕರೆಂಟಿಗೂ ಓಡುತ್ತದೆ. ಕಂಪ್ರೆಸರ್ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಆನ್ ಮಾಡಿ, ರಾತ್ರಿ ಮೊಸರು, ಕೊತ್ತಂಬರಿ, ಒಂದು ಡಬ್ಬಿ ದೋಸೆ ಹಿಟ್ಟು ಜೋಡಿಸುವುದು ನನ್ನ ಕೆಲಸ. ಮೂರು ವರ್ಷ ಒಂದು ತಕರಾರೂ ಇರಲಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಮೋಆಬ್‌ಗೆ ಹೋಗಿದ್ದೆವು. ಬೆಳಿಗ್ಗೆ ಬಾಗಿಲು ತೆಗೆದರೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿ, ಕೆಳಗಿದ್ದ ಸೌತೆಕಾಯಿಯ ಮೇಲೆಲ್ಲ ಇಳಿದಿತ್ತು. ಮೊಸರು ಬಾಯಿಗಿಡಲಾಗದಷ್ಟು ಹುಳಿ. ಮೇಲಿನ ಫ್ರೀಜರ್‌ನಲ್ಲಿ ಮಾತ್ರ ಎಲ್ಲವೂ ಕಲ್ಲು! ರಿಪೇರಿ ಅಂಗಡಿಯವರು ಕೂಲಿಂಗ್ ಯೂನಿಟ್ಟೇ (ತಂಪು ಮಾಡುವ ಹಿಂಬದಿಯ ಭಾಗ) ಬದಲಿಸಬೇಕು, 1,800 ಡಾಲರ್ ಆಗುತ್ತದೆ ಎಂದರು. ಯೂನಿಟ್ ಸೊರಗಿದರೂ ಹೀಗಾಗುತ್ತದೆ, ನಿಜ. ಆದರೆ ಅವರು ಒಳಗೆ ಕೈ ಹಾಕಿಯೂ ನೋಡಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಮನೆಗೆ ಬಂದು ನಾನೇ ಕೈ ಹಾಕಿದೆ. ಕೆಳಗಿನ ಖಾನೆಯ ಹಿಂದಿನ ಗೋಡೆಯಲ್ಲಿ ಬಾಚಣಿಗೆ ಹಲ್ಲಿನಂತೆ ಅಲ್ಯೂಮಿನಿಯಂ ಫಿನ್‌ಗಳಿರುತ್ತವೆ ಅಲ್ವಾ, ಅವು ಅಲ್ಲಾಡಿದವು. ಗೋಡೆಯಾಚೆಯ ತಣ್ಣನೆ ಲೋಹಕ್ಕೆ ಬಿಗಿಯಾಗಿ ಕೂತಿದ್ದರೆ ಮಾತ್ರ ಅವು ಒಳಗಿನ ಬಿಸಿ ಎಳೆಯುತ್ತವೆ. ಐದು ಸ್ಕ್ರೂಗಳಲ್ಲಿ ಎರಡು ಸಡಿಲ, ಒಂದು ನಾಪತ್ತೆ. ರಸ್ತೆಯ ಕುಲುಕಾಟಕ್ಕೆ ಬಿಚ್ಚಿಕೊಂಡಿದ್ದವು. ಸಂದಿಯಲ್ಲಿ ಪೋಸ್ಟ್‌ಕಾರ್ಡ್ ತೂರುತ್ತಿತ್ತು. ಎಷ್ಟು ತಂಪಾಗಿದೆ ಎಂದು ಅಳೆಯುವ ಸೆನ್ಸರ್ ಸಿಕ್ಕಿಸಿರುವುದೂ ಅದೇ ಫಿನ್‌ಗೆ. ಫಿನ್ ತಣ್ಣಗಾಗದೆ ಫ್ರಿಜ್ ನಿಲ್ಲದೆ ಓಡಿದೆ, ತಂಪೆಲ್ಲ ಫ್ರೀಜರ್‌ಗೇ ಹೋಗಿದೆ. ಓಡಾಡುವ ಗಾಡಿಗೆಂದೇ ಮಾಡಿದ ಫ್ರಿಜ್‌ನಲ್ಲಿ ಸ್ಕ್ರೂ ಹೀಗೆ ಬಿಚ್ಚಿಕೊಳ್ಳಬಾರದು.

ಆಫ್ ಮಾಡಿ ಒಂದು ರಾತ್ರಿ ಬಾಗಿಲು ತೆಗೆದಿಟ್ಟೆ. ಐಸ್ ಕೆರೆಯಲು ಚಾಕು ಹಾಕಬೇಡಿ, ತಾನಾಗಿ ಕರಗಲಿ. ಫಿನ್ ಕಳಚಿದಾಗ ಹಿಂದಿನ ಬಿಳಿ ಪೇಸ್ಟ್ ಒಣಗಿ ಸುಣ್ಣದಂತೆ ಉದುರಿತು. ಒರೆಸಿ, ಕಂಪ್ಯೂಟರ್ ಪ್ರೊಸೆಸರ್‌ಗೆ ಹಚ್ಚುವ ಪೇಸ್ಟ್ ತೆಳ್ಳಗೆ ಸವರಿದೆ. ಹೊಸ ಸ್ಟೀಲ್ ಸ್ಕ್ರೂ ಹಳೆಯದರಷ್ಟೇ ಉದ್ದ ಇರಲಿ. ಜಾಸ್ತಿ ಉದ್ದ ಇದ್ದರೆ ಹಿಂದಿನ ಕೊಳವೆ ತೂತಾಗಬಹುದು. ಅದರಲ್ಲಿ ತಂಪು ಮಾಡುವ ಅಮೋನಿಯ ಒತ್ತಡದಲ್ಲಿರುತ್ತದೆ. ಸೋರಿದರೆ ಅಪಾಯ, ಆಮೇಲೆ ಆ 1,800 ಡಾಲರ್ ಕೊಡಲೇಬೇಕು. ಡ್ರಿಲ್ ಬೇಡ, ಕೈಯಲ್ಲೇ ಒಂದೊಂದು ಸುತ್ತು ಬಿಗಿ ಮಾಡಿದೆ. ಒಟ್ಟು ಖರ್ಚು 11 ಡಾಲರ್.

ಮರುದಿನ ಬೆಳಿಗ್ಗೆ ಕೆಳಗಿನ ಖಾನೆ 37 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 3 ಸೆಲ್ಸಿಯಸ್. ಅವತ್ತಿನಿಂದ ಈ ಫ್ರಿಜ್ ಮೇಲೆ ಮತ್ತೆ ಪ್ರೀತಿ ಬಂದಿದೆ. ಗಾಡಿ ಸಮತಟ್ಟಾಗಿ ನಿಲ್ಲಿಸಲೇಬೇಕು, ಉರಿಬಿಸಿಲಲ್ಲಿ ಸ್ವಲ್ಪ ಏದುಸಿರು ಬಿಡುತ್ತದೆ, ಆದರೂ ನಮ್ಮ ಬಜೆಟ್‌ಗೆ ಇದು ಸಾಕು. ಈಗ ಡಬ್ಬಿ ಜೋಡಿಸುವ ಮುಂಚೆ ಎರಡು ಬೆರಳಲ್ಲಿ ಫಿನ್ ಒತ್ತಿ ನೋಡುತ್ತೇನೆ. ಮೊನ್ನೆ ಬ್ರೈಸ್ ಕ್ಯಾನ್ಯನ್‌ನಲ್ಲಿ ಮೂರನೇ ದಿನದ ಮೊಸರಿನಲ್ಲಿ ಮೊಸರನ್ನ ಕಲಸಿದೆವು. ಹುಳಿ ಮುರಿಯಲು ಹಾಲು ಬೇಕಾಗಲಿಲ್ಲ.